ಘಟ್ಟದ ಕಾಲುದಾರಿಗಳೂ ಅಲ್ಲಿ ಓಡಿದವರೂ

ನಮ್ಮ ಮಲೆನಾಡಿಗೆ ಈಚಿನ ಕೆಲವು ವರ್ಷಗಳಿಂದ ಹೊಸ ಬಗೆಯ ಯಾತ್ರಿಕರು ಬರತೊಡಗಿದ್ದಾರೆ. ಇವರು ದೇವರ ದರ್ಶನಕ್ಕೆಂದು ಬಂದವರಲ್ಲ. ಅಡಕೆ ಏಲಕ್ಕಿಗಳ ವ್ಯಾಪಾರಕ್ಕೆ ಬಂದವರೂ ಅಲ್ಲ. ಬೆಟ್ಟಗಳಲ್ಲಿ ಓಡುವುದಕ್ಕೆಂದೇ ಬಂದವರು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಐವತ್ತು ಕಿಲೋಮೀಟರುಗಳನ್ನೂ ಅದಕ್ಕೆ ಮಿಕ್ಕ ದೂರಗಳನ್ನೂ ಗೊತ್ತುಮಾಡಿ ಓಟದ ಪಂದ್ಯಗಳು ನಡೆದಿವೆ. ಬೆಳಗಿನ ಜಾವದ ಕತ್ತಲೆಯಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಹೊರಟವರು ಬೈಗಿನವರೆಗೂ ಏರುತ್ತ ಇಳಿಯುತ್ತ ಇರುತ್ತಾರೆ. ಇದನ್ನು ಕಂಡ ನಮ್ಮ ಹಿರಿಯರು, "ಹುಲಿ ಅಟ್ಟಿಸಿಕೊಂಡು ಬರಲಿಲ್ಲ, ಸಾಲ ಕೊಟ್ಟವನು ಬೆನ್ನು ಹತ್ತಲಿಲ್ಲ, ಇವರಿಗೇನು ಬಂತು?" ಎಂದು ನಗುವುದುಂಟು. ನಗು ಸಹಜವಾದುದೇ. ಹೊಟ್ಟೆಪಾಡಿಗಾಗಿ ಬೆಟ್ಟ ಹತ್ತಿ ಇಳಿದವರಿಗೆ ವಿನೋದಕ್ಕಾಗಿ ಹತ್ತುವುದು ವಿಚಿತ್ರವಾಗಿಯೇ ತೋರಬೇಕು.

ಆದರೆ ಈ ಬೆಟ್ಟಗಳಲ್ಲಿ ಓಡುವುದು ಹೊಸತೇನೂ ಅಲ್ಲ. ಮೋಟಾರು ಬಂಡಿಗಳು ಬರುವುದಕ್ಕೆ ಬಹಳ ಮುಂಚೆ, ಗಾಡಿಯ ರಸ್ತೆಗಳೂ ಇಲ್ಲದಿದ್ದ ಕಾಲದಲ್ಲಿ, ಘಟ್ಟದ ಮೇಲಕ್ಕೂ ಕೆಳಕ್ಕೂ ಓಡುವುದನ್ನೇ ಉದ್ಯೋಗವಾಗಿ ಉಳ್ಳ ಜನ ಇದ್ದರು. ಅರಸನ ಆಜ್ಞೆ, ವರ್ತಕನ ಹುಂಡಿ, ದೂರದ ಮಗಳು ಹೆತ್ತ ಸುದ್ದಿ, ಸಾವಿನ ಸುದ್ದಿ, ಇವೆಲ್ಲ ಅವರ ಹೆಗಲ ಮೇಲೆ ಹೋದುವು. ಘಟ್ಟಗಳ ಚರಿತ್ರೆಯನ್ನು ಬರೆದವರು ಕೋಟೆಗಳನ್ನೂ ಕಾಳುಮೆಣಸನ್ನೂ ಕುರಿತು ಬಹಳವಾಗಿ ಬರೆದಿದ್ದಾರೆ. ದಾರಿಯನ್ನೂ ಆ ದಾರಿಯಲ್ಲಿ ಓಡಿದವನನ್ನೂ ಕುರಿತು ಬರೆದದ್ದು ಕಡಮೆ. ಆ ಕೊರತೆಯನ್ನು ಒಂದಿಷ್ಟು ತುಂಬಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ರೀತಿಯನ್ನು ತಿಳಿಯಬೇಕು. ಬಯಲುಸೀಮೆಯಿಂದ ಬರುವವನಿಗೆ ಪಶ್ಚಿಮದ ಘಟ್ಟವು ಬೆಟ್ಟವೆಂದೇ ತೋರುವುದಿಲ್ಲ. ಗದ್ದೆ, ತೋಟ, ಕಾಡುಗಳನ್ನು ಹೊತ್ತ ನೆಲವು ಏಳುತ್ತ ಬೀಳುತ್ತ ಪಡುವಣಕ್ಕೆ ಸಾಗಿ ಒಂದೆಡೆ ಥಟ್ಟನೆ ಮುಗಿದುಹೋಗುತ್ತದೆ. ಆಗುಂಬೆಯ ಅಂಚಿನಲ್ಲಿ ನಿಂತವನ ಕಾಲ ಕೆಳಗೆ ಸುಮಾರು ೫೦೦ ಮೀಟರುಗಳಷ್ಟು ಆಳದಲ್ಲಿ ಸೋಮೇಶ್ವರದ ಕಾಡು ಹಸುರು ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಕರಾವಳಿಯವರು "ಘಟ್ಟದ ಮೇಲೆ" ಎಂದೂ ನಾವು "ಘಟ್ಟದ ಕೆಳಗೆ" ಎಂದೂ ಹೇಳುವ ಮಾತು ಕೇವಲ ರೂಢಿಯಲ್ಲ; ಅದು ನೆಲದ ನಿಜವಾದ ವರ್ಣನೆ. ಈ ಅಂಚಿಗೆ ಕಡಲಿನ ಮೋಡಗಳು ಬಂದು ಬಡಿಯುವುದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಕಡಿದಾದ ಇಳಿಜಾರು, ದಟ್ಟವಾದ ಕಾಡು, ನಾಲ್ಕು ತಿಂಗಳ ಮಳೆ: ಈ ಮೂರೂ ಸೇರಿ ಘಟ್ಟದ ದಾರಿಯನ್ನು ರೂಪಿಸಿದುವು.

ಹಳೆಯ ಕಾಲುದಾರಿಗೂ ಇಂದಿನ ರಸ್ತೆಗೂ ಇರುವ ಭೇದವನ್ನು ಲೆಕ್ಕದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹೇರು ತುಂಬಿದ ಗಾಡಿಯನ್ನು ಎತ್ತುಗಳು ಎಳೆಯಬೇಕಾದರೆ ಇಪ್ಪತ್ತು ಮಾರು ನಡೆದಾಗ ಒಂದು ಮಾರಿಗಿಂತ ಹೆಚ್ಚು ಏರಬಾರದು. ಈ ಲೆಕ್ಕದಲ್ಲಿ ೫೦೦ ಮೀಟರು ಎತ್ತರವನ್ನು ಏರಲು ೧೦ ಕಿಲೋಮೀಟರು ರಸ್ತೆ ಬೇಕು. ಅಷ್ಟು ಉದ್ದವನ್ನು ಒಂದೇ ಬೆಟ್ಟದ ಮೈಯಲ್ಲಿ ಅಡಗಿಸಬೇಕಾದ್ದರಿಂದಲೇ ಆಗುಂಬೆಯ ರಸ್ತೆಯು ಹದಿನಾಲ್ಕು ಕಡೆ ಹಾವಿನಂತೆ ಹೊರಳಿಕೊಂಡಿದೆ. ಬೆನ್ನ ಮೇಲೆ ಹೇರು ಹೊತ್ತ ಎತ್ತಾದರೋ ಎಂಟಕ್ಕೆ ಒಂದರಂತೆ ಏರಬಲ್ಲುದು. ಅದಕ್ಕೆ ನಾಲ್ಕು ಕಿಲೋಮೀಟರು ಸಾಕು. ಮನುಷ್ಯನಾದರೆ ನಾಲ್ಕಕ್ಕೆ ಒಂದರಂತೆ ಏರುತ್ತಾನೆ. ಅವನಿಗೆ ಎರಡೇ ಕಿಲೋಮೀಟರು. ಚಕ್ರವು ಹತ್ತು ಹರದಾರಿ ಸುತ್ತುವಲ್ಲಿ ಕಾಲು ಎರಡು ಹರದಾರಿಯಲ್ಲಿ ಮುಗಿಸುತ್ತದೆಂದಾಯಿತು. ಉಸಿರಿನ ಬೆಲೆ ಮಾತ್ರ ಬೇರೆ.

ಕಾಲುದಾರಿಯನ್ನು ಮೊದಲು ಕಂಡವರು ಯಾರೆಂದು ಹೇಳಲಾಗದು. ಬಹುಶಃ ಕಾಡುಕೋಣಗಳೂ ಆನೆಗಳೂ ಇರಬೇಕು. ಆದರೆ ಅದನ್ನು ಉಳಿಸಿಕೊಂಡವರ ಬುದ್ಧಿ ಮೆಚ್ಚತಕ್ಕದ್ದು. ಹಳೆಯ ದಾರಿಗಳು ಸಾಮಾನ್ಯವಾಗಿ ಕಮರಿಯನ್ನು ಬಿಟ್ಟು ಎರಡು ಕಮರಿಗಳ ನಡುವೆ ಚಾಚಿಕೊಂಡಿರುವ ಏಣನ್ನು ಹಿಡಿಯುತ್ತವೆ. ಕಮರಿಯಲ್ಲಿ ನೆರಳುಂಟು, ನೀರುಂಟು, ಆದರೆ ಆಷಾಢದಲ್ಲಿ ಹಳ್ಳವು ಗಳಿಗೆಯೊಳಗೆ ಏರಿ ದಾರಿಯನ್ನು ನುಂಗುತ್ತದೆ. ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲದು. ಏಣಿನ ಮೇಲಾದರೆ ಬಿದ್ದ ಮಳೆಯು ಎರಡು ಬದಿಗೂ ಹರಿದುಹೋಗಿ ನೆಲ ಗಟ್ಟಿಯಾಗಿರುತ್ತದೆ. ಹೊರೆ ಹೊತ್ತವರು ತಲೆಯ ಭಾರವನ್ನು ಯಾರ ನೆರವೂ ಇಲ್ಲದೆ ಇಳಿಸಿ ಮತ್ತೆ ಎತ್ತಿಕೊಳ್ಳಲು ತಕ್ಕಷ್ಟು ಎತ್ತರದ ಕಲ್ಲುಗಳನ್ನು ನಿಲ್ಲಿಸುವುದು, ಬೇಸಗೆಯಲ್ಲಿ ಅರವಟ್ಟಿಗೆಯಿಡುವುದು, ಘಟ್ಟದ ನೆತ್ತಿಯಲ್ಲಿ ಸುಂಕದ ಉಕ್ಕಡವನ್ನೂ ಅದರ ಪಕ್ಕದಲ್ಲಿ ಒಂದು ಹನುಮಂತನ ಅಥವಾ ಭೂತದ ಗುಡಿಯನ್ನೂ ಕಟ್ಟುವುದು, ಇವೆಲ್ಲ ಈ ದಾರಿಗಳ ಸಾಮಾನ್ಯ ಪರಿವಾರ. ಮೇಲಿನಿಂದ ಅಕ್ಕಿ, ಮೆಣಸು, ಅಡಕೆ ಇಳಿದುವು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಏರಿದುವು. ಘಟ್ಟದ ಮೇಲಿನವನಿಗೆ ಉಪ್ಪಿಲ್ಲ, ಕೆಳಗಿನವನಿಗೆ ಅಕ್ಕಿ ಸಾಲದು. ಇಷ್ಟು ಕಾರಣವಿದ್ದ ಮೇಲೆ ದಾರಿ ಹುಟ್ಟದೆ ಇರುವುದುಂಟೇ?

ಈ ದಾರಿಗಳಲ್ಲಿಯೂ ಕರಾವಳಿಯಲ್ಲಿಯೂ ನಡೆದ ಪರದೇಶದ ಯಾತ್ರಿಕರು ಕೆಲವು ಸಂಗತಿಗಳನ್ನು ಬರೆದಿಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳನ್ನು ಕಂಡ ಇಬ್ನ್ ಬತೂತನು ಕಡಲ ತಡಿಯ ದಾರಿಯನ್ನು ಬಣ್ಣಿಸುತ್ತ, ಅಲ್ಲಿ ಅರ್ಧ ಅರ್ಧ ಮೈಲಿಗೆ ಜಗಲಿಯುಳ್ಳ ಮರದ ತಂಗುಮನೆಯೂ ಬಾವಿಯೂ ಇದ್ದುವೆಂದೂ, ಅರಸನ ಹೊರತು ಯಾರೂ ಕುದುರೆಯೇರುತ್ತಿರಲಿಲ್ಲವೆಂದೂ, ವರ್ತಕರ ಸರಕೆಲ್ಲ ಕೂಲಿಯಾಳುಗಳ ಬೆನ್ನಿನ ಮೇಲೆಯೇ ಹೋಗುತ್ತಿದ್ದಿತೆಂದೂ ಹೇಳುತ್ತಾನೆ. ಇದೇ ಇಬ್ನ್ ಬತೂತನು ದೆಹಲಿಯ ಸುಲ್ತಾನನ ಟಪಾಲನ್ನು ವರ್ಣಿಸಿರುವ ಭಾಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಮೈಲಿಗೆ ಮೂರು ಠಾಣೆಗಳು. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ಎರಡು ಮೊಳದ ಕೋಲು. ಕೋಲಿನ ತುದಿಗೆ ತಾಮ್ರದ ಗೆಜ್ಜೆ. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಎದ್ದು ಸಿದ್ಧನಾಗುವನು. ಹೀಗೆ ಕೈಯಿಂದ ಕೈಗೆ ಹೋಗುವ ಈ ಕಾಲಂಚೆಯು ಕುದುರೆಯ ಅಂಚೆಗಿಂತಲೂ ವೇಗವಾದುದೆಂದು ಅವನು ಖಂಡಿತವಾಗಿ ಬರೆದಿದ್ದಾನೆ. ಗೆಜ್ಜೆಯ ಕೋಲು ಬಹಳ ಕಾಲದ ಮೇಲೆಯೂ ಅಂಚೆಯವನ ಕೈಯಲ್ಲಿ ಉಳಿದಿದ್ದಿತು. ಐದು ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಸರಕಾರೀ ಉಪಕರಣವು ಬೇರೊಂದಿದೆಯೋ ತಿಳಿಯದು.

೧೪೪೩ರಲ್ಲಿ ಪಾರಸೀಕದ ರಾಯಭಾರಿ ಅಬ್ದುರ್ ರಜಾಕನು ಮಂಗಳೂರಿನಲ್ಲಿ ಇಳಿದು ಕಾಡು ಬೆಟ್ಟಗಳನ್ನು ದಾಟಿ ವಿಜಯನಗರಕ್ಕೆ ಹೋದನು. ಅವನ ಬರವಣಿಗೆಯಲ್ಲಿ ಅಲಂಕಾರವೇ ಹೆಚ್ಚು, ದಾರಿ ಕಡಮೆ. ಅವನಿಗಿಂತ ರೋಮ್ ನಗರದ ಪಿಯೆತ್ರೊ ದೆಲ್ಲ ವಾಲೆ ಎಂಬವನು ನಮಗೆ ಹೆಚ್ಚು ಉಪಕಾರಿ. ೧೬೨೩ರಲ್ಲಿ ಇವನು ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಆಗಲೇ ಹಾಳುಬಿದ್ದು ಮರಗಳು ಮುಚ್ಚಿದ್ದ ಆ ಪಟ್ಟಣವನ್ನು ನೋಡಿ, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನನ್ನು ಕಂಡನು. ಘಟ್ಟದ ನೆತ್ತಿಯ ಕೋಟೆಯ ಬಳಿ ಹೊರೆಗಳು ಸಿದ್ಧವಾಗುವುದು ತಡವಾಯಿತು. ಹೊರೆಯಾಳುಗಳು ತಡಮಾಡಿದ್ದೇ ನಮ್ಮ ಭಾಗ್ಯವೆನ್ನಬೇಕು. ಕಾದು ಕುಳಿತ ಆ ಹೊತ್ತಿನಲ್ಲಿ ಅವನು ಹನುಮಂತನ ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ನೋಡಿದನು. ಮರೆತರೆ ತಿದ್ದುವವರಾರೆಂದು ಕೇಳಿದ್ದಕ್ಕೆ, ತಾವೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆಂದು ಹುಡುಗರು ಹೇಳಿದರಂತೆ. ಕಾಡಿನ ನಡುವಣ ಒಂದು ಘಟ್ಟದ ಬಾಯಲ್ಲಿ ಮಕ್ಕಳು ಲೆಕ್ಕ ಕಲಿಯುತ್ತಿದ್ದರೆಂದರೆ ಆ ದಾರಿಯಲ್ಲಿ ಎಷ್ಟು ವ್ಯವಹಾರ ನಡೆಯುತ್ತಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಸರಕನ್ನು ತಂದ ದಾರಿಯೇ ದಂಡನ್ನೂ ತರುತ್ತದೆ. ೧೬೩೭ರಲ್ಲಿ ಬಿಜಾಪುರದವರು ಇಕ್ಕೇರಿಯನ್ನು ಸೂರೆಮಾಡಿದ ಮೇಲೆ ಕೆಳದಿಯ ಅರಸರು ರಾಜಧಾನಿಯನ್ನು ಬಿದನೂರಿಗೆ ಒಯ್ದರು. ಹೊಸಂಗಡಿ ಘಟ್ಟವು ಅದಕ್ಕೆ ಕಡಲಿನ ಬಾಗಿಲಾಯಿತು. ಆ ಬಾಗಿಲಿನಿಂದ ಬಂದ ಐಶ್ವರ್ಯಕ್ಕೆ ಆಸೆಪಟ್ಟು ೧೭೬೩ರಲ್ಲಿ ಹೈದರನು ಮೂಡಣ ಕಡೆಯಿಂದ ಬಂದು ಬಿದನೂರನ್ನು ಹಿಡಿದನು. ೧೭೮೩ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಕುಂದಾಪುರದಿಂದ ಹೊರಟು ಹೊಸಂಗಡಿಯ ದಾರಿಯಲ್ಲಿ ಮೇಲಿಂದ ಮೇಲೆ ಕಟ್ಟಿದ್ದ ಕಾವಲುಗಳನ್ನು ಒಂದೊಂದಾಗಿ ಭೇದಿಸಿ ಘಟ್ಟವನ್ನೇರಿ, ಹೆಚ್ಚಿನ ಹೋರಾಟವಿಲ್ಲದೆಯೇ ಬಿದನೂರನ್ನು ಪಡೆದನು. ಆದರೆ ಏರಿದ ದಾರಿಯನ್ನು ಭದ್ರವಾಗಿ ಇಟ್ಟುಕೊಳ್ಳಲು ಅವನಿಗೆ ಆಗಲಿಲ್ಲ. ಕೆಲವೇ ವಾರಗಳಲ್ಲಿ ಟಿಪ್ಪು ಸುಲ್ತಾನನು ದೊಡ್ಡ ದಂಡಿನೊಡನೆ ಬಂದು ಘಟ್ಟದ ಕಾವಲುಗಳನ್ನು ಹಿಡಿದು ಕಡಲ ಕಡೆಯ ಸಂಪರ್ಕವನ್ನು ಕಡಿದುಹಾಕಿದ ಮೇಲೆ ಬಿದನೂರಿನೊಳಗಿದ್ದ ಇಂಗ್ಲೀಷರು ಶರಣಾಗತರಾಗಬೇಕಾಯಿತು. ನಾಲ್ಕು ಮಾರು ಅಗಲವಿಲ್ಲದ ಒಂದು ದಾರಿಯು ಒಂದೇ ವರ್ಷದಲ್ಲಿ ಎರಡು ಸಾರಿ ಒಂದು ರಾಜ್ಯದ ಹಣೆಬರಹವನ್ನು ಬರೆದ ಬಗೆ ಇದು.

ಇನ್ನು ಅಂಚೆಯ ವಿಷಯ. ಮೈಸೂರಿನಲ್ಲಿ ಕ್ರಮವಾದ ಅಂಚೆಯನ್ನು ಏರ್ಪಡಿಸಿದವನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಿಕ್ಕದೇವರಾಜ ಒಡೆಯನು. ಅವನ ಅಂಚೆಯವರು ಕಾಗದವನ್ನು ಮುಟ್ಟಿಸುವುದಲ್ಲದೆ ಊರ ಸುದ್ದಿಯನ್ನು ಅರಮನೆಗೆ ಗುಟ್ಟಾಗಿ ತಿಳಿಸುವ ಕೆಲಸವನ್ನೂ ಮಾಡುತ್ತಿದ್ದರೆಂದು ಕರ್ನಲ್ ವಿಲ್ಕ್ಸನು ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಹೈದರನ ಕಾಲಕ್ಕೆ ಮಲೆನಾಡು ಮೈಸೂರಿಗೆ ಸೇರಿತು. ೧೭೯೯ರ ಬಳಿಕ ಕನ್ನಡ ಜಿಲ್ಲೆಯು ಕಂಪೆನಿಯ ಪಾಲಾಗಿ ಘಟ್ಟದ ಅಂಚೇ ಎರಡು ಸರಕಾರಗಳ ಎಲ್ಲೆಯಾಯಿತು. ಹೀಗಾಗಿ ಮೇಲಿನವರ ಬಾಯಲ್ಲಿ ಅದು ಅಂಚೆ, ಕೆಳಗಿನವರ ಬಾಯಲ್ಲಿ ಟಪಾಲು. ಇಂದಿಗೂ ಕರಾವಳಿಯ ಮುದುಕರ ಮಾತಿನಲ್ಲಿ ಈ ಭೇದ ಕೇಳಿಬರುತ್ತದೆ. ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಕೂಡಿಹೋಯಿತು. ಹೆಸರು ಮಾತ್ರ ನಮ್ಮದೇ ಉಳಿಯಿತು. ಹಳಗನ್ನಡದಲ್ಲಿ ಹಂಸಕ್ಕೂ ಅಂಚೆಯೆಂಬ ಹೆಸರುಂಟು. ನಳದಮಯಂತಿಯರ ದೂತನಾದ ಹಂಸಕ್ಕೂ ಕಾಗದದ ಚೀಲಕ್ಕೂ ಸಂಬಂಧ ಕಟ್ಟಲು ಆಸೆಯಾಗುವುದು ಸಹಜ. ಪಂಡಿತರು ಒಪ್ಪಲಿ ಬಿಡಲಿ, ರೆಕ್ಕೆಯ ಅವಶ್ಯಕತೆಯಂತೂ ಘಟ್ಟದ ಅಂಚೆಯವನಿಗೆ ಇದ್ದೇ ಇದ್ದಿತು.

ಅವನ ಕೆಲಸ ಎಂತಹುದೆಂಬುದನ್ನು ಸ್ವಲ್ಪ ವಿಚಾರಿಸೋಣ. ಒಬ್ಬೊಬ್ಬನ ಪಾಲಿಗೆ ಸುಮಾರು ಆರೆಂಟು ಮೈಲಿ. ಬಯಲಿನಲ್ಲಿ ಅದು ದೊಡ್ಡದಲ್ಲ. ಘಟ್ಟದಲ್ಲಿ ಆ ಆರೆಂಟು ಮೈಲಿಯೊಳಗೆ ಎರಡು ಹಳ್ಳ, ಒಂದು ಹೊಳೆ, ಸಾವಿರ ಅಡಿಗೆ ಮಿಕ್ಕಿದ ಏರು ಇಲ್ಲವೆ ಇಳುಕಲು. ಏರುವುದಕ್ಕಿಂತ ಇಳಿಯುವುದು ಕಷ್ಟವೆಂಬುದನ್ನು ಬೆಟ್ಟದಲ್ಲಿ ಓಡಿದವರೆಲ್ಲರೂ ಬಲ್ಲರು. ಏರುವಾಗ ಉಸಿರು ಮಾತ್ರ ಹೋಗುತ್ತದೆ. ಇಳಿಯುವಾಗ ಮೊಣಕಾಲಿನ ಮೇಲೆ ಮೈಯ ಭಾರವೆಲ್ಲ ಹೆಜ್ಜೆ ಹೆಜ್ಜೆಗೂ ಬೀಳುತ್ತದೆ, ಒದ್ದೆಯಾದ ಜಂಬಿಟ್ಟಿಗೆಯ ಮೇಲೆ ಪಾದ ಜಾರುತ್ತದೆ. ಆದುದರಿಂದ ಬಲ್ಲವರು ನೀಳವಾದ ಹೆಜ್ಜೆಗಳನ್ನು ಬಿಟ್ಟು, ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಬೇಗ ಬೇಗ ಇಡುತ್ತ, ಕಣ್ಣನ್ನು ನಾಲ್ಕು ಮಾರು ಮುಂದೆ ನೆಟ್ಟು ಓಡುತ್ತಾರೆ. ಮಳೆಗಾಲದಲ್ಲಿ ತಲೆಯ ಮೇಲೆ ಕಂಬಳಿಯ ಕೊಪ್ಪೆ ಇಲ್ಲವೆ ಗೊರಬು. ಒದ್ದೆಯಾದ ಕಂಬಳಿಯ ಭಾರವೇ ಒಂದು ಹೊರೆ. ಕಾಲಿಗೆ ಇಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪುಗಳ ಲೇಪ. ಮಳೆಯಲ್ಲಿ ಅದು ಎಷ್ಟು ಹೊತ್ತು ನಿಂತೀತು! ಕತ್ತಲೆಯಾದರೆ ಕೈಯಲ್ಲಿ ದೊಂದಿ. ಹುಲಿಯ ಭಯವಿದ್ದ ಕಾಡುಗಳಲ್ಲಿ ಇರುಳಿನ ಅಂಚೆಯವನ ಜೊತೆಗೆ ದೊಂದಿ ಹಿಡಿಯುವವರನ್ನೂ ತಮಟೆ ಬಾರಿಸುವವರನ್ನೂ ಕಳುಹಿಸುವ ಪದ್ಧತಿಯು ಹಿಂದೂದೇಶದ ಅನೇಕ ಭಾಗಗಳಲ್ಲಿ ಇದ್ದಿತು. ಗೆಜ್ಜೆಯ ಕೋಲಿಗೆ ಎರಡು ಪ್ರಯೋಜನ: ಮುಂದಿನ ಠಾಣೆಯವನಿಗೆ ಸೂಚನೆ, ಹಾವು ಮೃಗಗಳಿಗೆ ಎಚ್ಚರಿಕೆ. ಎರಡನೆಯದನ್ನು ಮೃಗಗಳು ಎಷ್ಟರ ಮಟ್ಟಿಗೆ ಮನ್ನಿಸುತ್ತಿದ್ದುವೋ!

ಇವೆಲ್ಲಕ್ಕಿಂತ ಮುಖ್ಯವಾದುದು ಹೊತ್ತಿನ ಕಟ್ಟಳೆ. ಹೊರೆಯಾಳು ದಣಿದರೆ ಕಲ್ಲಿನ ಮೇಲೆ ಹೊರೆಯನ್ನಿಳಿಸಿ ಎಲೆಯಡಕೆ ಹಾಕಿಕೊಳ್ಳಬಹುದು. ಯಾತ್ರಿಕನು ಗುಡಿಯಲ್ಲಿ ರಾತ್ರಿ ಕಳೆಯಬಹುದು. ಅಂಚೆಯವನಿಗೆ ಅದಿಲ್ಲ. ಕಂಪೆನಿಯ ಕಾಲದಿಂದ ಚೀಲದ ಜೊತೆಯಲ್ಲಿ ಹೊತ್ತಿನ ಚೀಟಿಯೂ ಹೋಗತೊಡಗಿತು. ಯಾವ ಠಾಣೆಗೆ ಎಷ್ಟು ಗಂಟೆಗೆ ಬಂದಿತು, ಎಷ್ಟು ಗಂಟೆಗೆ ಹೊರಟಿತು ಎಂಬುದನ್ನು ಅದರಲ್ಲಿ ಬರೆಯಬೇಕು; ತಡವಾದರೆ ಕೇಳುವವರಿದ್ದರು. ಮಲೆನಾಡಿನ ಮನುಷ್ಯನ ಕಾಲಿಗೆ ಗಡಿಯಾರವನ್ನು ಮೊದಲು ಕಟ್ಟಿದ್ದು ಅಂಚೆಯೇ ಎಂದು ನನಗೆ ತೋರುತ್ತದೆ. ಇಂದಿನ ಓಟಗಾರನು ತಾನೇ ದುಡ್ಡು ಕೊಟ್ಟು ಕೊಂಡು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಗಡಿಯಾರವನ್ನು ಅಂದಿನವನ ಕಾಲಿಗೆ ಸರಕಾರ ಕಟ್ಟಿತ್ತು.

ಸರಕಾರದ ಓಟಗಾರರಲ್ಲದೆ ಮನೆಮನೆಯ ಓಟಗಾರರೂ ಇದ್ದರೆಂಬುದನ್ನು ಮರೆಯಬಾರದು. ದೊಡ್ಡ ಹಿಡುವಳಿದಾರರು ನೆಂಟರ ಮನೆಗೆ ಓಲೆಯನ್ನೋ ಬಾಯಿಮಾತನ್ನೋ ಕಳುಹಿಸಬೇಕಾದಾಗ ಜೀತದಾಳನ್ನು ಅಟ್ಟುತ್ತಿದ್ದರು. ಕುವೆಂಪು ಅವರು ೧೯೬೭ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹುಲಿಯನೆಂಬ ನಾಯಿಯೊಡನೆ ಕಾಡುದಾರಿಗಳಲ್ಲಿ ತಿರುಗುವ ಗುತ್ತಿಯನ್ನು ಓದಿದವರಿಗೆ ಈ ವರ್ಗದ ಜನರ ಪರಿಚಯ ಬೇರೆ ಹೇಳಬೇಕಾಗಿಲ್ಲ. ಆ ಕಥೆಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ಕಾಡಿನ ಒಳದಾರಿಗಳನ್ನು ಅಂಗೈಯಂತೆ ಬಲ್ಲವರು ಇವರೇ. ಆದರೆ ಆ ಕಾಡಿನಲ್ಲಿ ಒಂದು ಅಂಗೈಯಗಲ ನೆಲವೂ ಇವರದಾಗಿರಲಿಲ್ಲ.

ಇಲ್ಲಿ ಒಂದು ಪರದೇಶದ ಉದಾಹರಣೆಯನ್ನು ಕೊಡುವುದು ಅಪ್ರಸ್ತುತವಾಗಲಾರದು. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಸರೋವರ ಪ್ರಾಂತವೆಂಬ ಬೆಟ್ಟಗಾಡು ಇದೆ. ಕವಿ ವರ್ಡ್ಸ್‌ವರ್ತನಿಂದ ನಮ್ಮಲ್ಲಿಯೂ ಪ್ರಸಿದ್ಧವಾದುದು. ಅಲ್ಲಿಯೂ ಕುರುಬರೂ ದಾರಿ ತೋರಿಸುವ ಆಳುಗಳೂ ಬಡವರೇ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗ್ರಾಸ್‌ಮಿಯರ್ ಎಂಬ ಹಳ್ಳಿಯ ಜಾತ್ರೆಯಲ್ಲಿ ಇಂತಹವರು ಎದುರಿನ ಬೆಟ್ಟವನ್ನು ಓಡಿ ಹತ್ತಿ ಇಳಿಯುವ ಪಂದ್ಯ ಆರಂಭವಾಗಿ ಗೆದ್ದವರ ಹೆಸರುಗಳು ದಾಖಲೆಗೆ ಬಂದುವು. ೧೯೩೨ರ ಜೂನ್ ತಿಂಗಳಲ್ಲಿ ಕೆಸ್ವಿಕ್ ಪಟ್ಟಣದಲ್ಲಿ ವಸತಿಗೃಹವನ್ನು ನಡೆಸುತ್ತಿದ್ದ ಬಾಬ್ ಗ್ರಹಮ್ ಎಂಬವನು ೪೨ ಶಿಖರಗಳನ್ನು ಏರಿ ಇಳಿದು ೨೩ ಗಂಟೆ ೩೯ ನಿಮಿಷಗಳಲ್ಲಿ ಹೊರಟಲ್ಲಿಗೇ ಬಂದು ಮುಟ್ಟಿದನು. ೧೯೬೦ರ ವರೆಗೆ ಇನ್ನೊಬ್ಬನು ಅದನ್ನು ಮಾಡಲಾರದೆ ಹೋದನು. ಈಗ ಅದನ್ನು ಮಾಡಿದೆನೆನ್ನುವವನು ಪ್ರತಿಯೊಂದು ಶಿಖರದಲ್ಲಿಯೂ ತನ್ನೊಡನೆ ಒಬ್ಬ ಸಾಕ್ಷಿಯಿದ್ದನೆಂದು ತೋರಿಸಬೇಕು. ಅದಕ್ಕಾಗಿ ಒಂದು ಸಂಘವೇ ಇದೆ. ನಮ್ಮ ಅಂಚೆಯವನ ಹೊತ್ತಿನ ಚೀಟಿಯೂ ಒಂದು ಬಗೆಯ ಸಾಕ್ಷಿಯೇ. ಭೇದವಿಷ್ಟೆ: ಅವರ ಚೀಟಿ ಓಡಿದವನ ಹೆಸರನ್ನು ಉಳಿಸಿತು, ನಮ್ಮ ಚೀಟಿ ಕಾಗದದ ಚೀಲದ ಲೆಕ್ಕವನ್ನು ಉಳಿಸಿತು. ಮೇಲ್ವಿಚಾರಕರ ಹೆಸರುಗಳು ಗ್ರಂಥಗಳಲ್ಲಿವೆ. ಓಡಿದವರ ಹೆಸರು ದೊರೆಯುವುದು ವಿರಳ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಕಮಿಷನರು ಮಾರ್ಕ್ ಕಬ್ಬನ್ನನ ಕಾಲದ ಆಚೆ ಈಚೆ, ಘಟ್ಟಗಳಲ್ಲಿ ಗಾಡಿಯ ರಸ್ತೆಗಳು ಒಂದೊಂದಾಗಿ ಬಂದುವು. ಕಾಫಿಯನ್ನು ಮಂಗಳೂರಿಗೆ ಇಳಿಸಬೇಕಾಗಿದ್ದುದು ಅದಕ್ಕೆ ಒಂದು ದೊಡ್ಡ ಕಾರಣ. ರಸ್ತೆಯು ಕಾಲುದಾರಿಯನ್ನು ಒಮ್ಮೆಗೇ ಕೊಲ್ಲಲಿಲ್ಲ; ಗಾಡಿ ಸುತ್ತಿ ಬರುವಷ್ಟರಲ್ಲಿ ಅಡ್ಡದಾರಿ ಹಿಡಿದವನು ಊರು ಮುಟ್ಟುತ್ತಿದ್ದನು. ಕೊಂದದ್ದು ಮೋಟಾರು. ಬಸ್ಸು ಬಂದ ಮೇಲೆ ಅಡ್ಡದಾರಿಯನ್ನು ಹಿಡಿಯುವವರಿಲ್ಲ. ಹಿಡಿಯುವವರಿಲ್ಲದ ದಾರಿಯನ್ನು ನಮ್ಮ ಕಾಡು ನಾಲ್ಕೈದು ಮಳೆಗಾಲಗಳಲ್ಲಿ ವಾಪಸು ತೆಗೆದುಕೊಳ್ಳುತ್ತದೆ. ಮೊದಲು ಲಂಟಾನ, ಆಮೇಲೆ ಬಿದಿರು, ಆಮೇಲೆ ಮರ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಮೇಲ್ಕಣಿವೆಯ ಹಳ್ಳಿಗಳ ಜೊತೆಗೆ ಘಟ್ಟದ ನೆತ್ತಿಯಿಂದ ಇಕ್ಕೇರಿ ಸಾಗರಗಳ ಕಡೆಗೆ ಬರುತ್ತಿದ್ದ ಹಳೆಯ ದಾರಿಗಳೂ ಹಿನ್ನೀರಿನಲ್ಲಿ ಮುಳುಗಿದುವು. ದೆಲ್ಲ ವಾಲೆಯು ಹೋದ ದಾರಿಯನ್ನು ಪೂರ್ತಿಯಾಗಿ ನಡೆಯಬೇಕೆನ್ನುವವನು ಇಂದು ನಡುವೆ ಈಜಬೇಕಾಗುತ್ತದೆ.

ಹೀಗಿರಲಾಗಿ ಹೊಸ ಓಟಗಾರರು ಬಂದರು. ಇವರು ಅರಸುವ ದಾರಿಗಳು ಬಹುಮಟ್ಟಿಗೆ ಊರಿನಿಂದ ಊರಿಗೆ ಹೋಗುವವಲ್ಲ, ಶಿಖರಕ್ಕೆ ಹೋಗುವವು. ಅವುಗಳಲ್ಲಿ ಕಠಿಣವಾದುದು ಕುಮಾರಪರ್ವತದ್ದೆಂದು ಬಲ್ಲವರ ಅಭಿಪ್ರಾಯ. ತಗ್ಗಿನಲ್ಲಿರುವ ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತಗಳ ಮೂಲಕ ೧,೭೧೨ ಮೀಟರು ಎತ್ತರದ ತುದಿಗೆ ಹೋಗುವುದರೊಳಗೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರು ಒಂದೇ ಸಮನೆ ಬರುತ್ತದೆ. ಮೊದಲರ್ಧ ದಟ್ಟವಾದ ಕಾಡು, ಬೇರುಗಳೇ ಮೆಟ್ಟಿಲು. ಆಮೇಲೆ ನೆರಳಿಲ್ಲದ ಹುಲ್ಲುಗಾವಲು. ಕೊನೆಯಲ್ಲಿ ಮತ್ತೆ ಶೋಲದ ಕಾಡು, ಬಂಡೆ. ಸೋಮವಾರಪೇಟೆಯ ಕಡೆಯಿಂದ ಬೀದಹಳ್ಳಿಯ ಮೇಲೆ ಬಂದರೆ ಸುಲಭ. ೧,೮೯೪ ಮೀಟರಿನ ಕುದುರೆಮುಖವು ಎತ್ತರದಲ್ಲಿ ಹಿರಿದಾದರೂ ಹೊರಡುವ ಊರೇ ಎತ್ತರದಲ್ಲಿರುವುದರಿಂದ ಅಷ್ಟು ದಣಿಸದು. ಕೊಡಚಾದ್ರಿಗೆ ಜೀಪಿನ ದಾರಿಯೂ ಉಂಟು, ಹಿಡ್ಲುಮನೆಯ ಅಬ್ಬಿಯ ಪಕ್ಕದಿಂದ ಏರುವ ಕಾಲುದಾರಿಯೂ ಉಂಟು; ಎರಡನ್ನೂ ಒಂದೇ ದಿನ ನೋಡಿದವರಿಗೆ ಚಕ್ರದ ಲೆಕ್ಕಕ್ಕೂ ಕಾಲಿನ ಲೆಕ್ಕಕ್ಕೂ ಇರುವ ಅಂತರವನ್ನು ಬೇರೆ ವಿವರಿಸಬೇಕಾಗಿಲ್ಲ.

ಇವರ ಆಗಮನವನ್ನು ಕುರಿತು ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಕಾಡಿನೊಳಗೆ ಯಾರನ್ನೂ ಬಿಡಬಾರದೆಂಬುದು ಒಂದು; ಬಂದವರಿಂದ ಊರಿಗೆ ನಾಲ್ಕು ಕಾಸಾಗುತ್ತದೆ, ಬರಲಿ ಎಂಬುದು ಇನ್ನೊಂದು. ೨೦೨೪ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಂತೆಯಂತೆ ಜನ ಕೂಡಿ, ಅರಣ್ಯ ಇಲಾಖೆಯವರು ಕೆಲವು ಕಾಲ ಚಾರಣವನ್ನೇ ನಿಲ್ಲಿಸಿ, ಬಳಿಕ ಮುಂಗಡವಾಗಿ ಹೆಸರು ಬರೆಯಿಸಿದ ಇಂತಿಷ್ಟು ಮಂದಿಗೆ ಮಾತ್ರ ಅವಕಾಶವೆಂದು ಗೊತ್ತುಮಾಡಿದರು. ಆ ಕಟ್ಟಳೆ ಸರಿಯಾದುದೆಂದೇ ನನ್ನ ಅಭಿಪ್ರಾಯ. ಹಳೆಯ ದಾರಿ ದಿನಕ್ಕೆ ಹತ್ತಿಪ್ಪತ್ತು ಬರಿಗಾಲುಗಳನ್ನು ತಾಳಲು ಆದದ್ದು. ಒಂದು ಸಾವಿರ ಜೋಡುಗಳನ್ನು ಅದು ತಾಳಲಾರದು. ಏಣಿನ ಮೇಲಣ ಹುಲ್ಲು ಸವೆದರೆ ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣು ಹೋದ ಮೇಲೆ ದಾರಿಯೇ ಹಳ್ಳವಾಗುತ್ತದೆ.

ಆದರೆ ಓಡಲು ಬಂದವರ ಮೇಲೆ ಸಿಟ್ಟಾಗುವ ನಾವು ಈ ದಾರಿಗಳಿಗಾಗಿ ಮಾಡಿರುವುದೇನು? ಯಾವ ಘಟ್ಟದಲ್ಲಿ ಎಷ್ಟು ಕಾಲುದಾರಿಗಳಿದ್ದುವು, ಅವಕ್ಕೆ ಜನ ಕರೆಯುತ್ತಿದ್ದ ಹೆಸರುಗಳೇನು, ಎಲ್ಲಿ ಹೊರೆ ಇಳಿಸುವ ಕಲ್ಲು, ಎಲ್ಲಿ ಬೇಸಗೆಯಲ್ಲಿಯೂ ಬತ್ತದ ನೀರು ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಪಟ್ಟಿ ಮಾಡಿದುದನ್ನು ನಾನು ಕಂಡಿಲ್ಲ. ಸರ್ವೆ ಇಲಾಖೆಯ ಒಂದಂಗುಲಕ್ಕೆ ಒಂದು ಮೈಲಿಯ ಹಳೆಯ ನಕ್ಷೆಗಳಲ್ಲಿ ಕಾಲುದಾರಿಗಳನ್ನು ತುಂಡು ತುಂಡು ಗೆರೆಗಳಿಂದ ತೋರಿಸಿರುತ್ತಾರೆ. ಆದರೆ ಗೆರೆಯು ದಾರಿಯ ಹೆಸರನ್ನು ಹೇಳದು. ಅದನ್ನು ಹೇಳಬಲ್ಲವರು ಬಾಲ್ಯದಲ್ಲಿ ತಂದೆಯ ಹಿಂದೆ ಉಪ್ಪಿನ ಹೊರೆ ಹೊತ್ತು ಏರಿದ ಮುದುಕರು, ಘಟ್ಟದ ಕೆಳಗಿನಿಂದ ಮದುವೆಯಾಗಿ ನಡೆದುಕೊಂಡೇ ಬಂದ ಮುದುಕಿಯರು. ಅಂತಹವರಲ್ಲಿ ಉಳಿದಿರುವವರು ಈಗ ಕೆಲವರೇ.

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿಯೂ ಈ ಪತ್ರಿಕೆಯನ್ನು ಓದುವ ಮನೆಗಳವರಲ್ಲಿಯೂ ಒಂದು ವಿಜ್ಞಾಪನೆ. ಹೊಸಂಗಡಿ, ಆಗುಂಬೆ, ಕೊಲ್ಲೂರು, ಗೇರುಸೊಪ್ಪೆಗಳ ಘಟ್ಟದ ಹಳೆಯ ದಾರಿಗಳನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು: ಎಲ್ಲಿ ಹೊರಟು ಎಲ್ಲಿ ಮುಟ್ಟುತ್ತಿದ್ದಿರಿ, ಎಷ್ಟು ಹೊತ್ತು ಹಿಡಿಯುತ್ತಿತ್ತು, ಏನನ್ನು ಹೊತ್ತಿದ್ದಿರಿ, ಎಲ್ಲಿ ಉಣ್ಣುತ್ತಿದ್ದಿರಿ, ದಾರಿಯಲ್ಲಿ ಅಂಚೆಯವನು ಎದುರಾಗುತ್ತಿದ್ದನೆ, ಅವನ ಹೆಸರೇನು. ಹೆಸರನ್ನು ಮಾತ್ರ ತಪ್ಪದೆ ಕೇಳಬೇಕು. ಬರೆದುದನ್ನು ಸಂಘಕ್ಕೆ ಕಳುಹಿಸಿದರೆ ತಾಲ್ಲೂಕುವಾರಿಯಾಗಿ ಜೋಡಿಸಿಡಬಹುದು. ದಾರಿಯನ್ನು ಕಣ್ಣಾರೆ ನೋಡಿ ಬರಬೇಕೆನ್ನುವ ತರುಣರು ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ಆ ಊರಿನವರೊಬ್ಬರನ್ನು ಕೂಲಿ ಕೊಟ್ಟು ಕರೆದುಕೊಂಡು, ಕಾರ್ತಿಕ ಕಳೆದ ಮೇಲೆ ಹೊರಡುವುದು ಲೇಸು. ಹಳ್ಳಗಳು ಇಳಿದಿರುತ್ತವೆ, ಇಂಬಳದ ಕಾಟವೂ ಆಗ ಇರುವುದಿಲ್ಲ.